ಮೀನು ಸತ್ತ ಮೇಲೆ ತಿಳಿದ ವಿಷ: ರಾಸಾಯನಿಕಗಳ ಜಲವಿಷತ್ವವನ್ನು ಅಳೆಯುವುದು ಹೇಗೆ?

ಕೆರೆಯಲ್ಲೋ ಹೊಳೆಯಲ್ಲೋ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ನೀರಿನ ಮಾದರಿಯನ್ನು ಪರೀಕ್ಷೆಗಾಗಿ ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ.’ ಕೆಲವು ದಿನಗಳ ನಂತರ ವರದಿ ಬರುತ್ತದೆ. ಇಂತಿಂಥ ರಾಸಾಯನಿಕ ಲೀಟರಿಗೆ ಇಷ್ಟು ಮಿಲಿಗ್ರಾಂ ಇದೆ, ಅದು ಮಿತಿಯೊಳಗಿದೆ ಅಥವಾ ಮಿತಿ ಮೀರಿದೆ ಎಂದು ಅದರಲ್ಲಿರುತ್ತದೆ. ಓದುಗರಿಗೆ ವಿಷಯ ಅಲ್ಲಿಗೆ ಮುಗಿದಂತೆ ತೋರುತ್ತದೆ. ಆದರೆ ಆ ‘ಮಿತಿ’ಯನ್ನು ಹೇಗೆ ನಿಗದಿ ಮಾಡಲಾಯಿತು, ಯಾವ ಜೀವಿಯನ್ನು ಮುಂದಿಟ್ಟುಕೊಂಡು ನಿಗದಿ ಮಾಡಲಾಯಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಯಾವುದೇ ರಾಸಾಯನಿಕಕ್ಕೆ ‘ವಿಷಕಾರಿ’ ಅಥವಾ ‘ಸುರಕ್ಷಿತ’ ಎಂಬ ಹಣೆಪಟ್ಟಿ ಹಚ್ಚುವುದು ಸುಲಭ. ಆ ಹಣೆಪಟ್ಟಿಯ ಹಿಂದಿರುವ ಅಂಕಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ವಿಷಕಾರಿ, ಆದರೆ ಯಾವ ಜೀವಿಗೆ? ಯಾವ ರೂಪದಲ್ಲಿ? ಎಷ್ಟು ಕಾಲದವರೆಗೆ? ಈ ಪ್ರಶ್ನೆಗಳಲ್ಲಿ ಒಂದನ್ನು ಕೇಳದೆ ಬಿಟ್ಟರೂ ಏನಾಗಬಹುದು ಎಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ತೊರೆಗಳಲ್ಲಿ ನಡೆದ ಮೀನುಗಳ ಸಾವು ಸ್ಪಷ್ಟವಾದ ಉದಾಹರಣೆಯಾಗಿದೆ. ಅದರ ಕಾರಣ ಪತ್ತೆಯಾಗಲು ಎರಡು ದಶಕಗಳೇ ಬೇಕಾದವು.

ಸಿಯಾಟಲ್ ತೊರೆಗಳ ಒಗಟು

ಅಮೆರಿಕದ ಪೆಸಿಫಿಕ್ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ ಶರತ್ಕಾಲದ ಮಳೆ ಆರಂಭವಾದೊಡನೆ ಕೋಹೋ ಜಾತಿಯ ಸಾಲ್ಮನ್ ಮೀನುಗಳು ಸಮುದ್ರದಿಂದ ಸಿಹಿನೀರಿನ ತೊರೆಗಳಿಗೆ ಮರಳುತ್ತವೆ. ತಾವು ಹುಟ್ಟಿದ ನೀರಿನಲ್ಲೇ ಮೊಟ್ಟೆಯಿಟ್ಟು ಸಾಯುವುದು ಅವುಗಳ ಜೀವನಕ್ರಮ. 1990ರ ದಶಕದಲ್ಲಿ ಸಿಯಾಟಲ್ ಪರಿಸರದ ತೊರೆಗಳನ್ನು ಪುನಶ್ಚೇತನಗೊಳಿಸುವ ಕಾರ್ಯ ನಡೆಯಿತು. ಅಡೆತಡೆಗಳನ್ನು ತೆಗೆದು, ದಂಡೆಯಲ್ಲಿ ಗಿಡ ನೆಟ್ಟು, ಮೀನುಗಳು ಹಿಂದಿರುಗಲು ಹಾದಿ ಮಾಡಿಕೊಡಲಾಯಿತು. ಮೀನುಗಳೇನೋ ಬಂದವು. ಆದರೆ ಮೊಟ್ಟೆ ತುಂಬಿದ ಹೆಣ್ಣು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಒದ್ದಾಡಿ, ದಿಕ್ಕು ತಪ್ಪಿದಂತೆ ಸುತ್ತು ಹಾಕಿ, ಕೆಲವೇ ಗಂಟೆಗಳಲ್ಲಿ ಸಾಯತೊಡಗಿದವು. ಮೊಟ್ಟೆಗಳು ಹೊಟ್ಟೆಯಲ್ಲೇ ಉಳಿದವು.

ನಗರದೊಳಗಿನ ಲಾಂಗ್‌ಫೆಲೋ ತೊರೆಯಲ್ಲಿ 2002ರಿಂದ ಹಲವು ವರ್ಷ ನಡೆಸಿದ ಸಮೀಕ್ಷೆಯಲ್ಲಿ ಮರಳಿ ಬಂದ ಹೆಣ್ಣು ಮೀನುಗಳ ಪೈಕಿ ಅರ್ಧಕ್ಕಿಂತ ಹೆಚ್ಚು, ಕೆಲವು ವರ್ಷ ಬಹುತೇಕ ಎಲ್ಲವೂ, ಮೊಟ್ಟೆಯಿಡುವ ಮುನ್ನವೇ ಸತ್ತಿದ್ದವು. ನಗರದಿಂದ ದೂರವಿದ್ದ ಕಾಡಿನ ತೊರೆಗಳಲ್ಲಿ ಇಂಥ ಸಾವು ಅಪರೂಪವಾಗಿತ್ತು. ನೀರಿನಲ್ಲಿ ಆಮ್ಲಜನಕಕ್ಕೆ ಕೊರತೆಯಿರಲಿಲ್ಲ, ಉಷ್ಣಾಂಶ ಸರಿಯಿತ್ತು, ರೋಗದ ಲಕ್ಷಣಗಳೂ ಇರಲಿಲ್ಲ. ಕೀಟನಾಶಕ, ಲೋಹ, ಪೆಟ್ರೋಲಿಯಂ ಶೇಷ ಹೀಗೆ ಪರಿಚಿತ ವಿಷಗಳ ಪಟ್ಟಿಯನ್ನೆಲ್ಲ ಜಾಲಾಡಿದರೂ ಉತ್ತರ ಸಿಗಲಿಲ್ಲ. ಲೋಹ ಮತ್ತು ಪೆಟ್ರೋಲಿಯಂ ಅಂಶಗಳನ್ನು ಬೆರೆಸಿದ ನೀರಿನಲ್ಲಿ ಮೀನುಗಳನ್ನು ಇರಿಸಿದರೆ ಅವು ಬದುಕಿದವು. ಹೆದ್ದಾರಿಯಿಂದ ಹರಿದು ಬಂದ ಮಳೆನೀರಿನಲ್ಲಿ ಇರಿಸಿದರೆ ಸತ್ತವು. ವಿಷವು ರಸ್ತೆಯಲ್ಲಿದೆ ಎಂಬುದು ಖಚಿತವಾಯಿತು, ಅದು ಯಾವುದು ಎಂಬುದು ಮಾತ್ರ ತಿಳಿಯಲಿಲ್ಲ.

ಸಂಶೋಧಕರ ದೃಷ್ಟಿ ಕಡೆಗೆ ಬಿದ್ದದ್ದು ವಾಹನಗಳ ಟೈರಿನ ಮೇಲೆ. ಟೈರು ಸವೆದು ಉದುರುವ ಪುಡಿಯನ್ನು ನೀರಿನಲ್ಲಿ ನೆನೆಸಿದಾಗ ಆ ನೀರು ಮೀನುಗಳನ್ನು ಕೊಂದಿತು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿದ್ದವು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಝೆನ್ಯು ಟಿಯಾನ್, ಎಡ್ವರ್ಡ್ ಕೊಲೊಡ್ಜಿ ಮತ್ತು ಸಹೋದ್ಯೋಗಿಗಳು, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜೆನಿಫರ್ ಮ್ಯಾಕಿಂಟೈರ್ ಅವರೊಡಗೂಡಿ ಆ ದ್ರಾವಣವನ್ನು ಭಾಗ ಭಾಗವಾಗಿ ಬೇರ್ಪಡಿಸುತ್ತ, ಪ್ರತಿ ಭಾಗವನ್ನೂ ಮೀನುಗಳ ಮೇಲೆ ಪರೀಕ್ಷಿಸುತ್ತ ಹೋದರು. ಕೊಲ್ಲದ ಭಾಗವನ್ನು ಬಿಟ್ಟು, ಕೊಲ್ಲುವ ಭಾಗವನ್ನು ಮತ್ತೆ ಒಡೆಯುವುದು ಅವರ ಕ್ರಮ. ಕೊನೆಗೆ ಉಳಿದದ್ದು ಒಂದೇ ವಸ್ತು. ಅದು ಯಾವ ರಾಸಾಯನಿಕ ಪಟ್ಟಿಯಲ್ಲಿಯೂ ಇರಲಿಲ್ಲ.

ಅದರ ಅಣುಸೂತ್ರವನ್ನು ಗಮನಿಸಿದಾಗ ಸುಳಿವು ದೊರೆಯಿತು. ಟೈರಿನ ರಬ್ಬರು ಬಿರುಕು ಬಿಡದಂತೆ ಕಾಪಾಡಲು 6ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಟೈರಿನ ತೂಕದಲ್ಲಿ ಶೇ. 0.4ರಿಂದ 2ರಷ್ಟು ಇದೇ ಇರುತ್ತದೆ. ಗಾಳಿಯಲ್ಲಿರುವ ಓಜೋನ್ ಅನಿಲವು ರಬ್ಬರನ್ನು ಹಾಳುಗೆಡವುವ ಮೊದಲೇ 6ಪಿಪಿಡಿ ಮೇಲ್ಮೈಗೆ ಬಂದು ತಾನೇ ಓಜೋನಿನೊಂದಿಗೆ ವರ್ತಿಸುತ್ತದೆ. ಹಾಗೆ ವರ್ತಿಸಿದಾಗ ಹುಟ್ಟುವ ವಸ್ತುವೇ 6ಪಿಪಿಡಿ-ಕ್ವಿನೋನ್. ಮೀನುಗಳನ್ನು ಕೊಂದದ್ದು ಅದು. ಈ ಶೋಧನೆ 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯ ಮೂಲಕ ಪ್ರಕಟವಾಯಿತು.

ವಿಷತ್ವದ ಅಂಕಿ ಹುಟ್ಟುವ ಬಗೆ

ಅಷ್ಟು ವ್ಯಾಪಕವಾಗಿ ಬಳಕೆಯಲ್ಲಿದ್ದ ರಾಸಾಯನಿಕವೊಂದರ ಈ ಗುಣ ದಶಕಗಳ ಕಾಲ ಹೇಗೆ ಮರೆಯಲ್ಲಿ ಉಳಿಯಿತು? ಇದಕ್ಕೆ ಉತ್ತರ ತಿಳಿಯಬೇಕಾದರೆ ಮೊದಲು ಜಲವಿಷತ್ವದ ಪರೀಕ್ಷೆ ನಡೆಯುವ ಬಗೆಯನ್ನು ನೋಡಬೇಕು.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) ರೂಪಿಸಿರುವ ಪರೀಕ್ಷಾ ವಿಧಾನಗಳು ಜಗತ್ತಿನ ಹೆಚ್ಚಿನ ದೇಶಗಳಲ್ಲಿ ಆಧಾರವಾಗಿವೆ. ಜಲಾಹಾರ ಸರಪಳಿಯ ಮೂರು ಹಂತಗಳಿಂದ ಒಂದೊಂದು ಪ್ರತಿನಿಧಿಯನ್ನು ಅವು ಆರಿಸಿಕೊಳ್ಳುತ್ತವೆ. ಮೊದಲನೆಯದು ಬಿಸಿಲಿನಿಂದ ಆಹಾರ ತಯಾರಿಸುವ ಪಾಚಿ. ಅದರ ಬೆಳವಣಿಗೆ ಎಷ್ಟು ಕುಂಠಿತವಾಗುತ್ತದೆ ಎಂಬುದನ್ನು 72 ಗಂಟೆಗಳ ಕಾಲ ನೋಡಲಾಗುತ್ತದೆ. ಎರಡನೆಯದು ಪಾಚಿಯನ್ನು ತಿನ್ನುವ ಡಾಫ್ನಿಯಾ ಎಂಬ, ನೀರುಚಿಗಟವೆಂದು ಕರೆಯಲಾಗುವ ಪುಟ್ಟ ಜೀವಿ. ಹುಟ್ಟಿ ಒಂದು ದಿನವೂ ತುಂಬದ ಮರಿಗಳು 48 ಗಂಟೆಗಳಲ್ಲಿ ಎಷ್ಟು ನಿಶ್ಚಲವಾಗುತ್ತವೆ ಎಂಬ ಎಣಿಕೆ ನಡೆಯುತ್ತದೆ. ಮೂರನೆಯದು ಮೀನು, ಅದಕ್ಕೆ 96 ಗಂಟೆಗಳ ಅವಧಿ.

ಮೀನಿನ ಪರೀಕ್ಷೆಯಲ್ಲಿ ರಾಸಾಯನಿಕವನ್ನು ಕನಿಷ್ಠ ಐದು ಬೇರೆ ಬೇರೆ ಸಾಂದ್ರತೆಗಳಲ್ಲಿ ಬೆರೆಸಿದ ತೊಟ್ಟಿಗಳಿರುತ್ತವೆ. ಜೊತೆಗೆ ಶುದ್ಧ ನೀರಿನ ತೊಟ್ಟಿಯೂ ಇರಬೇಕು. ಶುದ್ಧ ನೀರಿನಲ್ಲಿಯೇ ಶೇ. 10ಕ್ಕಿಂತ ಹೆಚ್ಚು ಮೀನುಗಳು ಸತ್ತರೆ ಇಡೀ ಪರೀಕ್ಷೆಯನ್ನೇ ತಳ್ಳಿಹಾಕಲಾಗುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕವು ಇರಬಹುದಾದ ಗರಿಷ್ಠ ಪ್ರಮಾಣದ ಶೇ. 60ಕ್ಕಿಂತ ಕೆಳಗೆ ಇಳಿಯಕೂಡದು. ಈ ನಿಬಂಧನೆಗೆ ಕಾರಣವಿದೆ. ಮೀನು ಸಾಯಲು ವಿಷವೇ ಬೇಕೆಂದಿಲ್ಲ, ಉಸಿರು ಕಟ್ಟಿದರೂ ಸಾಕು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಬೆರಳು ಮಾಡಿದ್ದು ಕೆರೆಗೆ ಸೇರುತ್ತಿದ್ದ ಕೊಳಚೆ ಮತ್ತು ಅದರಿಂದ ಕುಸಿದ ಆಮ್ಲಜನಕದ ಕಡೆಗೆ. ಆದಕಾರಣ ಉಸಿರುಗಟ್ಟಿದ ಸಾವನ್ನೂ ವಿಷದ ಸಾವನ್ನೂ ಬೇರ್ಪಡಿಸುವುದು ಪರೀಕ್ಷೆಯ ಮೊದಲ ಕೆಲಸ.

96 ಗಂಟೆಗಳ ಕೊನೆಗೆ ಯಾವ ಸಾಂದ್ರತೆಯಲ್ಲಿ ಅರ್ಧದಷ್ಟು ಮೀನುಗಳು ಸಾಯುತ್ತವೆ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಇದಕ್ಕೆ ‘ಎಲ್‌ಸಿ-50’, ಅಂದರೆ ಅರ್ಧಮಾರಕ ಸಾಂದ್ರತೆ ಎಂದು ಹೆಸರು. ಅಂಕಿ ಕಡಿಮೆಯಾದಷ್ಟೂ ವಿಷ ತೀಕ್ಷ್ಣ. ಅಂತಾರಾಷ್ಟ್ರೀಯ ವರ್ಗೀಕರಣದ ಪ್ರಕಾರ ಈ ಅಂಕಿ ಲೀಟರಿಗೆ ಒಂದು ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ವಸ್ತು ಜಲಚರಗಳಿಗೆ ಅತ್ಯಂತ ವಿಷಕಾರಿ. 10 ಮಿಲಿಗ್ರಾಂವರೆಗೆ ಎರಡನೆಯ ವರ್ಗ, 100ರವರೆಗೆ ಮೂರನೆಯ ವರ್ಗ.

6ಪಿಪಿಡಿ-ಕ್ವಿನೋನ್ ಈ ಅಳತೆಗೋಲಿನಲ್ಲಿ ಎಲ್ಲಿ ನಿಲ್ಲುತ್ತದೆ? ಮೊದಲ ಲೆಕ್ಕದಲ್ಲಿ ಕೋಹೋ ಸಾಲ್ಮನ್‌ಗೆ ಅದರ ಎಲ್‌ಸಿ-50 ಲೀಟರಿಗೆ ಸುಮಾರು 0.8 ಮೈಕ್ರೋಗ್ರಾಂ ಎಂದು ಬಂದಿತ್ತು. ಶುದ್ಧ ಮಾದರಿ ಮಾರುಕಟ್ಟೆಯಲ್ಲಿ ದೊರೆತ ಮೇಲೆ ಅದೇ ಸಂಶೋಧಕರ ತಂಡ ಅಳತೆಯನ್ನು ಪರಿಷ್ಕರಿಸಿ 2022ರಲ್ಲಿ 95 ನ್ಯಾನೋಗ್ರಾಂ ಎಂದಿತು. ಮೊದಲ ವರ್ಗದ ಗಡಿಗಿಂತ ಇದು ಹತ್ತು ಸಾವಿರ ಪಟ್ಟು ಕಡಿಮೆ. ನಮ್ಮ ನಗರಗಳಲ್ಲಿ ಓಡಾಡುವ 12 ಸಾವಿರ ಲೀಟರಿನ ನೀರಿನ ಟ್ಯಾಂಕರಿಗೆ ಈ ವಸ್ತು ಒಂದು ಮಿಲಿಗ್ರಾಂಗಿಂತ ತುಸು ಹೆಚ್ಚು ಬೆರೆತರೆ ಆ ನೀರಿನಲ್ಲಿ ಅರ್ಧದಷ್ಟು ಕೋಹೋ ಮರಿಗಳು ಒಂದು ದಿನದೊಳಗೆ ಸಾಯುತ್ತವೆ.

ಮೊದಲ ಪ್ರಶ್ನೆ: ಯಾವ ಜೀವಿಗೆ?

ಆದರೆ ಇದೇ ವಸ್ತುವನ್ನು ಪ್ರಯೋಗಾಲಯಗಳ ಪ್ರಮಾಣಿತ ಜೀವಿಗಳ ಮೇಲೆ ಪರೀಕ್ಷಿಸಿದಾಗ ಬಂದ ಫಲಿತಾಂಶ ಬೇರೆಯೇ ಆಗಿತ್ತು. ಜಪಾನಿನ ಸಂಶೋಧಕರು 2021ರಲ್ಲಿ ಝೀಬ್ರಾ ಮೀನು, ಮೆಡಾಕಾ ಮೀನು ಮತ್ತು ಡಾಫ್ನಿಯಾಗಳನ್ನು 6ಪಿಪಿಡಿ-ಕ್ವಿನೋನ್‌ಗೆ ಒಡ್ಡಿದರು. ನೀರಿನಲ್ಲಿ ಕರಗುವಷ್ಟು ಬೆರೆಸಿದರೂ ಅವುಗಳಲ್ಲಿ ತೀವ್ರ ವಿಷತ್ವದ ಸಾವು ಕಾಣಲಿಲ್ಲ. ಮರುವರ್ಷ ಕೆನಡಾದ ಸಂಶೋಧಕರು ರೇನ್‌ಬೋ ಟ್ರೌಟ್ ಮತ್ತು ಬ್ರೂಕ್ ಟ್ರೌಟ್ ಮೀನುಗಳು ಲೀಟರಿಗೆ ಒಂದು ಮೈಕ್ರೋಗ್ರಾಂ ಆಸುಪಾಸಿನಲ್ಲೇ ಸಾಯುವುದನ್ನೂ, ಅವುಗಳ ಹತ್ತಿರದ ಬಂಧುವಾದ ಆರ್ಕ್‌ಟಿಕ್ ಚಾರ್ ಏನೂ ಆಗದೆ ಬದುಕುವುದನ್ನೂ ಕಂಡರು. ಸಾಲ್ಮನ್‌ಗಳಲ್ಲಿಯೇ ಚಮ್ ಎಂಬ ಜಾತಿ ಅದೇ ಮಳೆನೀರಿನಲ್ಲಿ ಬದುಕುತ್ತದೆ, ಕೋಹೋ ಸಾಯುತ್ತದೆ.

ಝೀಬ್ರಾ ಮೀನನ್ನೇ ನೆಚ್ಚಿಕೊಂಡ ಪ್ರಯೋಗಾಲಯಕ್ಕೆ ಈ ವಸ್ತು ಬಂದಿದ್ದರೆ ತೀವ್ರ ವಿಷತ್ವದ ಪರೀಕ್ಷೆಯಲ್ಲಿ ಅದು ಸಲೀಸಾಗಿ ತೇರ್ಗಡೆಯಾಗುತ್ತಿತ್ತು. ಪರೀಕ್ಷೆಯಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು, ಪ್ರಶ್ನೆಯಷ್ಟೇ ಬೇರೆಯಾಗಿರುತ್ತಿತ್ತು.

ಈ ಝೀಬ್ರಾ ಮೀನು ನಮ್ಮ ಉಪಖಂಡದ್ದೇ. ವೈಜ್ಞಾನಿಕವಾಗಿ ಅದನ್ನು ಮೊದಲು ವರ್ಣಿಸಿದವರು ಫ್ರಾನ್ಸಿಸ್ ಬುಕನನ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನಾನಂತರ 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತ್ಯಗಳಲ್ಲಿ ಸಂಚರಿಸಿ ವರದಿ ಬರೆದ ಬುಕನನ್ ಇವರೇ. 1822ರಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಈ ಪಟ್ಟೆಪಟ್ಟೆಯ ಪುಟ್ಟ ಮೀನಿನ ವರ್ಣನೆಯಿದೆ. ಸಾಕಲು ಸುಲಭ, ಬೇಗ ಸಂತಾನಾಭಿವೃದ್ಧಿ ಮಾಡುತ್ತದೆ, ಹೆಚ್ಚು ಜಾಗ ಬೇಡ ಎಂಬ ಕಾರಣಗಳಿಂದ ಅದು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಪ್ರಿಯವಾಯಿತು. ಎಲ್ಲ ಮೀನುಗಳ ಪೈಕಿ ಅದೇ ಹೆಚ್ಚು ಸೂಕ್ಷ್ಮ ಎಂಬುದು ಆ ಕಾರಣಗಳಲ್ಲಿ ಸೇರಿರಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ಮಾತು ಮುಖ್ಯವಾಗುತ್ತದೆ. ಕಾವೇರಿ ಕಣಿವೆಯನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ, ಬೆನ್ನು ಗೂನಾಗಿರುವ ಮಹಸೀರ್ ಮೀನು 2018ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿ ಎಂದು ದಾಖಲಾಯಿತು. ಇಂಥ ಮೀನನ್ನು ಹಿಡಿದು ತೊಟ್ಟಿಯಲ್ಲಿಟ್ಟು ವಿಷ ಬೆರೆಸಿ ಅರ್ಧದಷ್ಟು ಸಾಯುವವರೆಗೆ ಕಾಯುವುದು ಸಾಧ್ಯವಿಲ್ಲ, ಸಲ್ಲದು. ಆದ್ದರಿಂದ ಅದಕ್ಕೆ ಯಾವುದು ಎಷ್ಟು ವಿಷ ಎಂಬುದನ್ನು ಬೇರೆ ಮೀನುಗಳ ಫಲಿತಾಂಶದಿಂದ ಊಹಿಸಬೇಕಾಗುತ್ತದೆ. ಕೋಹೋ ಪ್ರಕರಣವು ಇಂಥ ಊಹೆಯ ಮಿತಿಯನ್ನು ತೋರಿಸಿಕೊಟ್ಟಿದೆ.

‘ಯಾವ ಜೀವಿಗೆ’ ಎಂಬ ಪ್ರಶ್ನೆಯ ಮತ್ತೊಂದು ಮುಖ ನಮ್ಮ ಕೃಷಿ ಅಂಗಡಿಗಳಲ್ಲಿಯೇ ಇದೆ. ಭಾರತದಲ್ಲಿ ಮಾರಾಟವಾಗುವ ಕೀಟನಾಶಕದ ಡಬ್ಬಗಳ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ಗುರುತಿರುತ್ತದೆ. ಕೆಂಪು ಎಂದರೆ ಅತಿ ವಿಷ, ಹಸಿರು ಎಂದರೆ ಅಲ್ಪ ವಿಷ ಎಂದು ರೈತರೂ ಮಾರಾಟಗಾರರೂ ತಿಳಿದಿದ್ದಾರೆ. ಆದರೆ ಈ ಬಣ್ಣಗಳನ್ನು ನಿರ್ಧರಿಸುವುದು ಇಲಿಯಂಥ ಸಸ್ತನಿಗಳ ಮೇಲಿನ ಪರೀಕ್ಷೆಯ ಆಧಾರದಿಂದ. ಸಿಂಪಡಿಸುವ ಮನುಷ್ಯನ ರಕ್ಷಣೆಯೇ ಅದರ ಉದ್ದೇಶ. ಮೀನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮೊದಲಾದ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಸಸ್ತನಿಗಳ ದೇಹ ಬೇಗನೆ ಒಡೆದುಹಾಕಬಲ್ಲುದು, ಮೀನಿನ ದೇಹಕ್ಕೆ ಆ ಸಾಮರ್ಥ್ಯ ಬಹಳ ಕಡಿಮೆ. ಹಾಗಾಗಿ ಅವು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಪ್ರಮಾಣದಲ್ಲಿಯೂ ಮೀನುಗಳನ್ನು ಕೊಲ್ಲಬಲ್ಲವು. ಗುರುತಿನ ಬಣ್ಣವನ್ನಷ್ಟೇ ನೋಡಿ ಉಳಿದ ದ್ರಾವಣವನ್ನು ಕಾಲುವೆಗೆ ಚೆಲ್ಲುವವರು ಇದನ್ನು ಗಮನಿಸಬೇಕು.

ಎರಡನೆಯ ಪ್ರಶ್ನೆ: ಯಾವ ರೂಪದಲ್ಲಿ?

ಕಾರ್ಖಾನೆಯಿಂದ ಹೊರಬರುವ ವಸ್ತು ಬೇರೆ, ಪರಿಸರದಲ್ಲಿ ಉಳಿಯುವ ವಸ್ತು ಬೇರೆ. ಬಿಸಿಲು, ಗಾಳಿ, ನೀರು ಮತ್ತು ಸೂಕ್ಷ್ಮಜೀವಿಗಳು ರಾಸಾಯನಿಕವನ್ನು ಬದಲಾಯಿಸುತ್ತಲೇ ಇರುತ್ತವೆ. 6ಪಿಪಿಡಿ ನೀರಿನಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಬೇಗ ಒಡೆಯುತ್ತದೆ ಎಂಬುದು ಮೊದಲೇ ತಿಳಿದಿತ್ತು. ಮೂಲವಸ್ತು ಮಾಯವಾಯಿತು ಎಂಬುದು ಸಮಾಧಾನದ ಸಂಗತಿಯಾಗಿ ಕಾಣುವುದು ಸಹಜ. ಆದರೆ ಅದು ಮಾಯವಾಗಿ ಏನಾಯಿತು ಎಂಬುದೇ ಇಲ್ಲಿ ನಿರ್ಣಾಯಕವಾಗಿತ್ತು. ಓಜೋನಿನೊಂದಿಗೆ ವರ್ತಿಸುವುದೇ 6ಪಿಪಿಡಿಯ ಉದ್ದೇಶಿತ ಕಾರ್ಯ. ಆ ಕಾರ್ಯವನ್ನು ಅದು ಸರಿಯಾಗಿ ನಿರ್ವಹಿಸಿದಾಗಲೇ ಕ್ವಿನೋನ್ ಹುಟ್ಟುತ್ತದೆ.

ಇದಕ್ಕೆ ಹೋಲುವ ಇನ್ನೊಂದು ಉದಾಹರಣೆ ದಕ್ಷಿಣ ಕನ್ನಡದ ಜನರಿಗೆ ಚಿರಪರಿಚಿತ. ಗೇರುತೋಟಗಳಿಗೆ ಹೆಲಿಕಾಪ್ಟರ್ ಮೂಲಕ ಸಿಂಪಡಿಸಲಾಗುತ್ತಿದ್ದ ಎಂಡೋಸಲ್ಫಾನ್ ಕಾಸರಗೋಡಿನಲ್ಲಿಯೂ, ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಲೂ ಉಂಟುಮಾಡಿದ ಸಂಕಟದ ವಿರುದ್ಧ ದೀರ್ಘ ಹೋರಾಟ ನಡೆಯಿತು. ಜಲಚರಗಳ ದೃಷ್ಟಿಯಿಂದಲೂ ಅದು ಅತಿ ಘೋರ ವಿಷ. ರೇನ್‌ಬೋ ಟ್ರೌಟ್ ಮೀನಿಗೆ ಅದರ ಎಲ್‌ಸಿ-50 ಲೀಟರಿಗೆ ಒಂದು ಮೈಕ್ರೋಗ್ರಾಂ ಆಸುಪಾಸಿನಲ್ಲಿದೆ. 1995ರ ಆಗಸ್ಟ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹತ್ತಿ ಹೊಲಗಳಿಗೆ ಸಿಂಪಡಿಸಿದ್ದ ಎಂಡೋಸಲ್ಫಾನ್ ಮಳೆಯೊಂದಿಗೆ ಬಿಗ್ ನ್ಯಾನ್ಸ್ ತೊರೆಗೆ ಸೇರಿದಾಗ ಸುಮಾರು 25 ಕಿಲೋಮೀಟರ್ ಉದ್ದಕ್ಕೂ ಎರಡು ಲಕ್ಷ 40 ಸಾವಿರಕ್ಕೂ ಹೆಚ್ಚು ಮೀನುಗಳು ಸತ್ತವು.

ಎಂಡೋಸಲ್ಫಾನ್ ಮಣ್ಣು ಮತ್ತು ನೀರಿನಲ್ಲಿ ಕ್ರಮೇಣ ಎಂಡೋಸಲ್ಫಾನ್ ಸಲ್ಫೇಟ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ಅದರ ವಿಷತ್ವ ಮೂಲವಸ್ತುವಿಗೆ ಸರಿಸಮನಾಗಿದೆ. ಬಾಳಿಕೆ ಇನ್ನೂ ಹೆಚ್ಚು. ಮೂಲವಸ್ತುವನ್ನು ಮಾತ್ರ ಅಳೆದರೆ ‘ಕಡಿಮೆಯಾಗುತ್ತಿದೆ’ ಎಂಬ ವರದಿ ಬರುತ್ತದೆ. ಎರಡನ್ನೂ ಕೂಡಿಸಿ ಅಳೆದರೆ ಚಿತ್ರವೇ ಬದಲಾಗುತ್ತದೆ. ಅದರ ಜಾಗತಿಕ ನಿಷೇಧಕ್ಕೆ ಮುನ್ನ ನಡೆದ ಪರಿಶೀಲನೆಯಲ್ಲಿ ಈ ಸಲ್ಫೇಟನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಇದೇ ಕಾರಣಕ್ಕೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಯಿತು.

ಮೂರನೆಯ ಪ್ರಶ್ನೆ: ಎಷ್ಟು ಕಾಲ?

ನಾಲ್ಕು ದಿನಗಳ ಪರೀಕ್ಷೆ ಸಾವನ್ನು ಎಣಿಸುತ್ತದೆ. ಆದರೆ ಸಾಯದೆ ಉಳಿದ ಮೀನು ಮೊಟ್ಟೆಯಿಡುವುದೇ, ಮರಿ ಬೆಳೆಯುವುದೇ ಎಂಬುದು ಅದರಿಂದ ತಿಳಿಯದು. ಇದಕ್ಕಾಗಿ ದೀರ್ಘಾವಧಿಯ ಪರೀಕ್ಷೆಗಳಿವೆ. ಡಾಫ್ನಿಯಾಗಳನ್ನು 21 ದಿನ ಇರಿಸಿ ಅವು ಎಷ್ಟು ಮರಿ ಹಾಕುತ್ತವೆ ಎಂದು ಎಣಿಸಲಾಗುತ್ತದೆ. ಮೀನಿನ ಮೊಟ್ಟೆಯಿಂದ ಮರಿಯವರೆಗಿನ ಬೆಳವಣಿಗೆಯನ್ನು ವಾರಗಟ್ಟಲೆ ನೋಡಲಾಗುತ್ತದೆ. ಯಾವ ಸಾಂದ್ರತೆಯವರೆಗೆ ಗಮನಾರ್ಹ ಪರಿಣಾಮ ಕಾಣುವುದಿಲ್ಲವೋ ಅದನ್ನು ಗುರುತಿಸುವುದು ಇಲ್ಲಿ ಗುರಿ. ಈ ಪರೀಕ್ಷೆಗಳು ದುಬಾರಿ, ಸಮಯವೂ ಹೆಚ್ಚು ಬೇಕು. ಹೀಗಾಗಿ ಅನೇಕ ರಾಸಾಯನಿಕಗಳಿಗೆ ಅಲ್ಪಾವಧಿಯ ಫಲಿತಾಂಶವಷ್ಟೇ ಲಭ್ಯವಿರುತ್ತದೆ.

ಕಾಲದ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ವಸ್ತು ಪರಿಸರದಲ್ಲಿ ಎಷ್ಟು ದಿನ ಉಳಿಯುತ್ತದೆ, ಜೀವಿಗಳ ದೇಹದಲ್ಲಿ ಎಷ್ಟು ಶೇಖರಗೊಳ್ಳುತ್ತದೆ ಎಂಬುದನ್ನು ಬೇರೆಯಾಗಿ ಅಳೆಯಬೇಕು. ಸ್ಟಾಕ್‌ಹೋಮ್ ಒಪ್ಪಂದದ ಮಾನದಂಡದಲ್ಲಿ ನೀರಿನಲ್ಲಿ ಅರ್ಧದಷ್ಟು ಕರಗಿಹೋಗಲು ಎರಡು ತಿಂಗಳಿಗಿಂತ ಹೆಚ್ಚು, ಮಣ್ಣಿನಲ್ಲಾದರೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುವ ವಸ್ತು ದೀರ್ಘಬಾಳಿಕೆಯದು. ಜೀವಿಯ ದೇಹದಲ್ಲಿ ಅದರ ಪ್ರಮಾಣ ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಐದು ಸಾವಿರ ಪಟ್ಟಿಗೂ ಮೀರಿದರೆ ಅದು ದೇಹದಲ್ಲಿ ಶೇಖರಗೊಳ್ಳುವ ವಸ್ತು ಎನಿಸುತ್ತದೆ.

ಪ್ರಯೋಗಾಲಯದಲ್ಲಿ ‘ಬೇಗ ಕೊಳೆಯುತ್ತದೆ’ ಎನಿಸಿಕೊಂಡ ವಸ್ತು ನಮ್ಮ ಕೆರೆಯಲ್ಲಿಯೂ ಹಾಗೆಯೇ ವರ್ತಿಸೀತೆಂಬ ಖಾತರಿಯಿಲ್ಲ. 1960ರ ದಶಕದಲ್ಲಿ ಯೂರೋಪ್ ಮತ್ತು ಅಮೆರಿಕದ ನದಿಗಳು ನೊರೆಯಿಂದ ತುಂಬಿಕೊಂಡಾಗ ಡಿಟರ್ಜೆಂಟ್ ತಯಾರಕರು ಕೊಳೆಯದ ಕವಲು ರಚನೆಯ ಅಣುವನ್ನು ಬಿಟ್ಟು, ಸೂಕ್ಷ್ಮಜೀವಿಗಳು ಸುಲಭವಾಗಿ ಒಡೆಯಬಲ್ಲ ನೇರ ರಚನೆಯ ಅಣುವಿಗೆ ಬದಲಾದರು. ಇಂದಿನ ಬಟ್ಟೆ ಸೋಪಿನ ಪುಡಿಗಳಲ್ಲಿ ಹೆಚ್ಚಾಗಿರುವುದು ಈ ಎರಡನೆಯ ಬಗೆ. ಆದರೆ ಸೂಕ್ಷ್ಮಜೀವಿಗಳು ಅದನ್ನು ಒಡೆಯಲು ಆಮ್ಲಜನಕ ಬೇಕು. ಸಂಸ್ಕರಣೆಯಾಗದ ಕೊಳಚೆ ಸೇರಿ ಆಮ್ಲಜನಕವೇ ಇಲ್ಲದಂತಾದ ಬೆಳ್ಳಂದೂರು ಕೆರೆಯಲ್ಲಿ ಅದು ಒಡೆಯದೆ ಕೆಸರಿನಲ್ಲಿ ಸೇರಿಕೊಳ್ಳುತ್ತದೆ. ಮಳೆ ಬಂದು ಕೆಸರು ಕದಡಿದಾಗ ನೊರೆಯಾಗಿ ಏಳುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. ಒಂದೇ ಅಣು, ಎರಡು ಬಗೆಯ ನೀರು, ಎರಡು ಬಗೆಯ ಆಯಸ್ಸು.

ಅಂಕಿಯಿಂದ ಅಪಾಯದವರೆಗೆ

ವಿಷತ್ವ ಬೇರೆ, ಅಪಾಯ ಬೇರೆ. ಘೋರ ವಿಷವಾದರೂ ನೀರಿಗೆ ಸೇರದಿದ್ದರೆ ಮೀನಿಗೆ ಅಪಾಯವಿಲ್ಲ. ಸಾಧಾರಣ ವಿಷವಾದರೂ ದಿನವೂ ಟನ್ನುಗಟ್ಟಲೆ ಸೇರಿದರೆ ಅಪಾಯ ತಪ್ಪಿದ್ದಲ್ಲ. ಹಾಗಾಗಿ ತಜ್ಞರು ಎರಡು ಅಂಕಿಗಳನ್ನು ಹೋಲಿಸುತ್ತಾರೆ. ಒಂದು, ನೀರಿನಲ್ಲಿ ಇರಬಹುದಾದ ಸಾಂದ್ರತೆ. ಇನ್ನೊಂದು, ಯಾವ ಜೀವಿಗೂ ತೊಂದರೆಯಾಗದು ಎಂದು ಭಾವಿಸಬಹುದಾದ ಸಾಂದ್ರತೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಒಂದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆಯ ಗಂಟೆ.

ಈ ಎರಡನೆಯ ಅಂಕಿಯನ್ನು ಪಡೆಯುವ ಕ್ರಮದಲ್ಲಿ ವಿಜ್ಞಾನದ ವಿನಯವಿದೆ. ಪಾಚಿ, ಡಾಫ್ನಿಯಾ, ಮೀನು ಇವುಗಳ ಅಲ್ಪಾವಧಿಯ ಫಲಿತಾಂಶ ಮಾತ್ರ ಇದ್ದರೆ, ಅವುಗಳಲ್ಲಿ ಅತಿ ಕಡಿಮೆಯ ಅಂಕಿಯನ್ನು ಸಾವಿರದಿಂದ ಭಾಗಿಸಲಾಗುತ್ತದೆ. ದೀರ್ಘಾವಧಿಯ ಫಲಿತಾಂಶಗಳು ಸೇರಿದಂತೆ ಭಾಜಕವು ನೂರಕ್ಕೆ, ಐವತ್ತಕ್ಕೆ, ಮೂರೂ ಹಂತದ ಜೀವಿಗಳದ್ದು ದೊರೆತರೆ ಹತ್ತಕ್ಕೆ ಇಳಿಯುತ್ತದೆ. ಅಂದರೆ ತಿಳಿವಳಿಕೆ ಕಡಿಮೆಯಿದ್ದಷ್ಟೂ ಎಚ್ಚರಿಕೆ ಹೆಚ್ಚು. ಆದರೂ 6ಪಿಪಿಡಿ-ಕ್ವಿನೋನ್ ವಿಷಯದಲ್ಲಿ ಸಾವಿರದ ಭಾಜಕವೂ ನೆಚ್ಚುವಂಥದ್ದಲ್ಲ. ಝೀಬ್ರಾ ಮೀನು ಮತ್ತು ಕೋಹೋ ನಡುವಿನ ಅಂತರ ಅಷ್ಟು ಅಗಾಧವಾಗಿದೆ.

ನಮ್ಮ ದೇಶದಲ್ಲಿ ಕಾರ್ಖಾನೆಗಳು ಹೊರಬಿಡುವ ತ್ಯಾಜ್ಯನೀರಿಗೂ ಜೀವಿಯ ಪರೀಕ್ಷೆಯೊಂದಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ, ಬೇರೆ ನೀರು ಬೆರೆಸದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ನಂತರ ಶೇ. 90ರಷ್ಟು ಮೀನುಗಳು ಬದುಕಿರಬೇಕು. ಭಾರತೀಯ ಮಾನಕ ವಿಧಾನದಲ್ಲಿ ಇದಕ್ಕೆ ಝೀಬ್ರಾ ಮೀನನ್ನು ಬಳಸಲಾಗುತ್ತದೆ. ರಾಸಾಯನಿಕಗಳನ್ನು ಒಂದೊಂದಾಗಿ ಹುಡುಕುವ ಬದಲು ಇಡೀ ಮಿಶ್ರಣವನ್ನೇ ಪರೀಕ್ಷಿಸುವುದು ಈ ಕ್ರಮದ ದೊಡ್ಡ ಗುಣ. ಸಿಯಾಟಲ್‌ನಲ್ಲಿಯೂ ದಾರಿ ತೋರಿದ್ದು ಅದೇ ತತ್ತ್ವ. ಆದರೆ ಅದು ಸಾವನ್ನಷ್ಟೇ ಎಣಿಸುತ್ತದೆ, ನಾಲ್ಕು ದಿನ ಮಾತ್ರ ನೋಡುತ್ತದೆ. ರಸ್ತೆಗಳಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹರಿಯುವ ಮಳೆನೀರಿಗೆ ಕಾರ್ಖಾನೆಯ ಕೊಳವೆಯಂತೆ ಒಂದು ಬಾಯಿಯಿಲ್ಲ, ಹೊಣೆಗಾರರೂ ಇಲ್ಲ.

ಮುಂದೇನು?

ಅಮೆರಿಕದಲ್ಲಿ ಸಾಲ್ಮನ್ ಮೀನನ್ನೇ ನೆಚ್ಚಿಕೊಂಡಿರುವ ಯೂರೋಕ್, ಪೋರ್ಟ್ ಗ್ಯಾಂಬಲ್ ಎಸ್‌ಕ್ಲಾಲಮ್ ಮತ್ತು ಪುಯಾಲಪ್ ಮೂಲನಿವಾಸಿ ಬುಡಕಟ್ಟುಗಳು ಸಲ್ಲಿಸಿದ ಮನವಿಯನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2023ರ ನವೆಂಬರ್‌ನಲ್ಲಿ ಅಂಗೀಕರಿಸಿತು. 2024ರಲ್ಲಿ ಅದು ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ 6ಪಿಪಿಡಿ-ಕ್ವಿನೋನ್‌ಗೆ ಲೀಟರಿಗೆ 11 ನ್ಯಾನೋಗ್ರಾಂ ಎಂಬ ಮಾರ್ಗದರ್ಶಿ ಪ್ರಮಾಣವನ್ನು ಪ್ರಕಟಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು 2023ರ ಅಕ್ಟೋಬರ್‌ನಿಂದ ಈ ರಾಸಾಯನಿಕವಿರುವ ಟೈರುಗಳನ್ನು ಆದ್ಯತೆಯ ಪಟ್ಟಿಗೆ ಸೇರಿಸಿ, ತಯಾರಕರು ಪರ್ಯಾಯ ಹುಡುಕುವಂತೆ ಮಾಡಿತು. ಆದರೆ ಟೈರಿನಿಂದ ಅದನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ. ಬಿರುಕು ಬಿಟ್ಟ ಟೈರು ಹೆದ್ದಾರಿಯಲ್ಲಿ ಸಿಡಿದರೆ ಹೋಗುವುದು ಮನುಷ್ಯರ ಪ್ರಾಣ. ಪರ್ಯಾಯವಾಗಿ ಬರುವ ವಸ್ತುವನ್ನೂ ಅದೇ ಮೂರು ಪ್ರಶ್ನೆಗಳಿಗೆ ಒಡ್ಡಬೇಕು: ಅದು ಓಜೋನಿನೊಂದಿಗೆ ಸೇರಿ ಏನಾಗುತ್ತದೆ, ಯಾವ ಮೀನುಗಳಿಗೆ ಏನು ಮಾಡುತ್ತದೆ, ಎಷ್ಟು ದಿನ ಉಳಿಯುತ್ತದೆ?

ಅಲ್ಲಿಯವರೆಗೆ ಕೈಗೆಟಕುವ ಉಪಾಯವೊಂದಿದೆ. ವಿಷದ ಹೆಸರು ತಿಳಿಯುವುದಕ್ಕೆ ಎಷ್ಟೋ ಮೊದಲೇ ಸಿಯಾಟಲ್ ಸಂಶೋಧಕರು ಹೆದ್ದಾರಿಯ ನೀರನ್ನು ಮರಳು, ಕಾಂಪೋಸ್ಟ್ ಗೊಬ್ಬರ ಮತ್ತು ಮರದ ತೊಗಟೆಯ ಪದರದ ಮೂಲಕ ಹಾಯಿಸಿ ನೋಡಿದ್ದರು. ಸೋಸಿದ ಆ ನೀರಿನಲ್ಲಿ ಕೋಹೋ ಮೀನುಗಳು ಬದುಕಿದವು. ನಗರದ ಮಳೆನೀರು ಕಾಂಕ್ರೀಟ್ ಕಾಲುವೆಯ ಮೂಲಕ ನೇರವಾಗಿ ಕೆರೆಗೆ ಧುಮುಕುವ ಬದಲು ಮಣ್ಣಿನ ಮೂಲಕ ಇಳಿದು ಹೋಗಬೇಕು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಕೆರೆಯಂಚಿನ ಜೌಗು, ಹುಲ್ಲುಗಾವಲು ಮತ್ತು ತೆರೆದ ಮಣ್ಣನ್ನು ‘ಅಭಿವೃದ್ಧಿ’ಯ ಹೆಸರಿನಲ್ಲಿ ಕಲ್ಲುಹಾಸಿನಿಂದ ಮುಚ್ಚುವ ಮುನ್ನ ನಮ್ಮ ನಗರಾಡಳಿತಗಳು ಇದನ್ನು ಗಮನಿಸುವುದು ಒಳಿತು.

ಮುಂದಿನ ಬಾರಿ ಯಾವುದಾದರೂ ಕೆರೆಯಲ್ಲಿ ಮೀನು ಸತ್ತು, ‘ಎಲ್ಲವೂ ಮಿತಿಯೊಳಗಿದೆ’ ಎಂಬ ವರದಿ ಬಂದಾಗ ನಾಗರಿಕರು ಕೇಳಬೇಕಾದದ್ದು ಇಷ್ಟು. ಪರೀಕ್ಷೆಗೆ ಬಳಸಿದ ಜೀವಿ ಯಾವುದು? ಮೂಲ ರಾಸಾಯನಿಕವನ್ನಷ್ಟೇ ಹುಡುಕಿದರೋ, ಅದು ಮಾರ್ಪಟ್ಟ ರೂಪವನ್ನೂ ಹುಡುಕಿದರೋ? ಎಷ್ಟು ದಿನದ ಪರೀಕ್ಷೆ? ನೀರಿನ ಮಾದರಿಯನ್ನು ಸಂಗ್ರಹಿಸಿದ್ದು ಮೊದಲ ಮಳೆಯ ದಿನವೋ, ಎಲ್ಲ ಕೊಚ್ಚಿಹೋದ ಒಂದು ವಾರದ ಮೇಲೋ? ಈ ಪ್ರಶ್ನೆಗಳಿಗೆ ಉತ್ತರವಿರುವ ವರದಿಯನ್ನು ನಂಬಬಹುದು. ಉತ್ತರವಿಲ್ಲದ ವರದಿಯಲ್ಲಿ ಅಂಕಿಗಳಿರುತ್ತವೆಯೇ ಹೊರತು, ಮೀನು ಸತ್ತದ್ದೇಕೆ ಎಂಬುದು ಇರುವುದಿಲ್ಲ.